ಪೀಣ್ಯದ ಕಾಂತಮಾಪಕ ಮತ್ತು ಭೂಕಾಂತಗೋಳದ ಗಡಿ: ಮರುಜೋಡಣೆಯ ಅಧ್ಯಯನ ಚರಿತ್ರೆಯಲ್ಲಿ ಒಂದು ಸ್ಥಾನನಿರ್ಣಯ

ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಿದೆ. 1975ರ ಏಪ್ರಿಲ್ 19ರಂದು ಉಡಾವಣೆಯಾದ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಅಲ್ಲಿಯ ಶೆಡ್ಡುಗಳಲ್ಲಿ. ಇಸ್ರೊದ ಎಲೆಕ್ಟ್ರೊ-ಆಪ್ಟಿಕ್ಸ್ ಪ್ರಯೋಗಾಲಯ ‘ಲಿಯೋಸ್’ ಇಂದಿಗೂ ಪೀಣ್ಯದಲ್ಲೇ ಇದೆ; ಆದಿತ್ಯ-ಎಲ್1 ನೌಕೆಯ ಕಾಂತಮಾಪಕ ಈ ಪ್ರಯೋಗಾಲಯದ ಕೊಡುಗೆ. ಆದಿತ್ಯವನ್ನು ನಾವು ಸೂರ್ಯನನ್ನು ನೋಡುವ ನೌಕೆಯೆಂದೇ ಗುರುತಿಸುತ್ತೇವೆ. ಆದರೆ ಅದರ ಕಾಂತಮಾಪಕವನ್ನು ಇನ್ನೊಂದು ಚರಿತ್ರೆಯಲ್ಲೂ ಸೇರಿಸಬೇಕು ಎಂಬುದು ಈ ಲೇಖನದ ವಾದ. ಅದು ಭೂಮಿಯ ಕಾಂತಗೋಳದ ಗಡಿಯಲ್ಲಿ ನಡೆಯುವ ಕಾಂತೀಯ ಮರುಜೋಡಣೆಯನ್ನು ಅರಿಯುವ ಪ್ರಯತ್ನದ ಚರಿತ್ರೆ. ಗಡಿಯಲ್ಲಿ ಕಂಡ ಪರಿಣಾಮವನ್ನು ದೂರದಲ್ಲಿ ಅಳೆದ ಕಾರಣದೊಂದಿಗೆ ಹೊಂದಿಸಿ ಓದಿದಾಗಲೆಲ್ಲ ಈ ವಿಷಯದ ಅರಿವು ಗಟ್ಟಿಯಾಗುತ್ತ ಬಂದಿದೆ.

ಸೂರ್ಯನ ಕಡೆಗೆ ಭೂಕೇಂದ್ರದಿಂದ ಸುಮಾರು 65,000 ಕಿ.ಮೀ. ದೂರದಲ್ಲಿ ಸೌರಮಾರುತದ ಒತ್ತಡವೂ ಭೂಕಾಂತಕ್ಷೇತ್ರದ ಒತ್ತಡವೂ ಸಮವಾಗುತ್ತವೆ; ಅದೇ ಕಾಂತಗೋಳದ ಗಡಿ. ಭೂಮಿಯ ಕ್ಷೇತ್ರ ಸೌರಪ್ರವಾಹದ ಒತ್ತಡಕ್ಕೆ ಸಿಕ್ಕು ಒಂದು ಮಿತಿಯೊಳಗೆ ಬಂಧಿಯಾಗುತ್ತದೆಂದು ಚಾಪ್ಮನ್ ಮತ್ತು ಫೆರಾರೊ 1930ರ ದಶಕದ ಆರಂಭದಲ್ಲೇ ತರ್ಕಿಸಿದ್ದರು. ಈ ಗಡಿ ಮುಚ್ಚಿದ ಗೋಡೆಯಲ್ಲ ಎಂಬ ವಿಚಾರವನ್ನು ಜೇಮ್ಸ್ ಡಂಗಿ 1961ರಲ್ಲಿ ಮಂಡಿಸಿದರು. ಗಡಿಯಲ್ಲಿ ಭೂಮಿಯ ಬಲರೇಖೆಗಳು ಉತ್ತರಕ್ಕೆ ಮುಖ ಮಾಡಿರುತ್ತವೆ. ಸೌರಮಾರುತ ಹೊತ್ತು ತರುವ ಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ದರೆ, ಎದುರುಬದುರಾದ ರೇಖೆಗಳು ಕಡಿದು ಪರಸ್ಪರ ಕೂಡಿಕೊಳ್ಳುತ್ತವೆ. ಕ್ಷೇತ್ರದಲ್ಲಿ ಅಡಗಿದ್ದ ಶಕ್ತಿ ಪ್ಲಾಸ್ಮಾವನ್ನು ಚಿಮ್ಮಿಸುತ್ತದೆ, ಕಾಂತಗೋಳದ ಬಾಗಿಲು ತೆರೆಯುತ್ತದೆ. ಅದೇ ವರ್ಷ ವಿಜ್ಞಾನಿಗಳಾದ ಆಕ್ಸ್‌ಫರ್ಡ್ ಮತ್ತು ಹೈನ್ಸ್ ಬೇರೊಂದು ವಿವರಣೆ ಕೊಟ್ಟರು: ಗಡಿಯನ್ನು ಉಜ್ಜಿಕೊಂಡು ಹರಿಯುವ ಸೌರಮಾರುತದ ಎಳೆತವೇ ಒಳಗಿನ ಚಲನೆಗೆ ಕಾರಣ. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಒಂದು ಸ್ಪಷ್ಟ ಪರೀಕ್ಷೆ ಇತ್ತು. ಉಜ್ಜುವಿಕೆಗೆ ಕ್ಷೇತ್ರದ ದಿಕ್ಕು ಮುಖ್ಯವಲ್ಲ, ಮರುಜೋಡಣೆಗೆ ದಿಕ್ಕೇ ಮುಖ್ಯ.

ಪರೀಕ್ಷೆಯ ಫಲ ಡಂಗಿಯ ಕಡೆಗೆ ವಾಲಿತು. ಎಕ್ಸ್‌ಪ್ಲೋರರ್-12 ಉಪಗ್ರಹದ ದಾಖಲೆಗಳನ್ನು ಭೂಮಿಯ ಮೇಲಿನ ಕಾಂತ ವೀಕ್ಷಣಾಲಯಗಳ ದಾಖಲೆಗಳೊಂದಿಗೆ ಹೋಲಿಸಿದ ಫೇರ್‌ಫೀಲ್ಡ್ ಮತ್ತು ಕೇಹಿಲ್, ಹೊರಗಿನ ಕ್ಷೇತ್ರ ದಕ್ಷಿಣಕ್ಕಿದ್ದಾಗ ನೆಲದಲ್ಲಿ ಕ್ಷೋಭೆ ಹೆಚ್ಚುವುದನ್ನು 1966ರಲ್ಲಿ ತೋರಿಸಿದರು. ಆರ್ಯಭಟ ಹಾರಿದ 1975ರಲ್ಲೇ ಆರ್.ಜಿ. ರಸ್ತೋಗಿ ಮತ್ತು ವಿ.ಎಲ್. ಪಟೇಲ್, ಈ ಕ್ಷೇತ್ರ ದಿಕ್ಕು ಹೊರಳಿಸಿದಾಗ ಕಾಂತೀಯ ಸಮಭಾಜಕದ ಮೇಲಿನ ಅಯಾನುಗೋಳವೂ ಸ್ಪಂದಿಸುತ್ತದೆಂದು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದರು. ಧ್ರುವಪ್ರದೇಶದ ಬೆಳಕಿನಾಟವೆಂದು ಕಡೆಗಣಿಸಬಹುದಾಗಿದ್ದ ವಿಷಯ ದಕ್ಷಿಣ ಭಾರತದ ಆಕಾಶಕ್ಕೂ ಸಂಬಂಧಿಸಿದ್ದೆಂದು ಸಿದ್ಧವಾಯಿತು. ಇವೆಲ್ಲ ಪರೋಕ್ಷ ಸಾಕ್ಷ್ಯಗಳು. ಗಡಿಯಲ್ಲೇ ಚಿಮ್ಮುವ ಪ್ಲಾಸ್ಮಾವನ್ನು ಐಸೀ ಜೋಡಿ ನೌಕೆಗಳ ದತ್ತಾಂಶದಲ್ಲಿ ಪಾಷ್ಮನ್ ತಂಡ ಗುರುತಿಸಿದ್ದು 1979ರಲ್ಲಿ. ಅದೇ ಯೋಜನೆಯ ಮೂರನೆಯ ನೌಕೆ ಐಸೀ-3 ಗಡಿಯ ಹತ್ತಿರ ಇರಲಿಲ್ಲ. ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವನ್ನು ಮೊತ್ತಮೊದಲು ಸುತ್ತಿದ ನೌಕೆ ಅದು. ಬರಲಿರುವ ಸೌರಮಾರುತವನ್ನು ಮುಂಚೆಯೇ ಅಳೆಯುವುದು ಅದರ ಕೆಲಸ. ಗಡಿಯಲ್ಲಿ ಇಬ್ಬರು, ಮುಂಚೂಣಿಯಲ್ಲಿ ಒಬ್ಬ ಎಂಬ ಆ ಹಂಚಿಕೆಯಲ್ಲೇ ಆದಿತ್ಯದ ಕಾಂತಮಾಪಕದ ಪೂರ್ವಚರಿತ್ರೆ ಇದೆ.

2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ, 2024ರ ಜನವರಿ 6ರಂದು ಎಲ್1 ಸುತ್ತಲಿನ ಕಕ್ಷೆ ಸೇರಿತು. ಐದು ದಿನಗಳ ನಂತರ, ಮಡಚಿಟ್ಟಿದ್ದ ಆರು ಮೀಟರ್ ಉದ್ದದ ತೋಳು ಸುಮಾರು ಒಂಬತ್ತು ಸೆಕೆಂಡುಗಳಲ್ಲಿ ಬಿಚ್ಚಿಕೊಂಡಿತು. ಅದರ ತುದಿಯಲ್ಲಿ ಒಂದು, ನಡುವೆ ಮೂರು ಮೀಟರ್ ದೂರದಲ್ಲಿ ಇನ್ನೊಂದು ಸಂವೇದಕವಿದೆ. ಬೆಂಗಳೂರಿನ ನೆಲದಲ್ಲಿ ಭೂಕಾಂತಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ. ಎಲ್1ರಲ್ಲಿ ಸಾಮಾನ್ಯ ದಿನ ಸಿಗುವುದು ಐದರ ಆಸುಪಾಸು. ಇಷ್ಟು ಕ್ಷೀಣವಾದದ್ದನ್ನು ಅಳೆಯುವಾಗ ನೌಕೆಯ ತಂತಿಗಳಲ್ಲಿ ಹರಿಯುವ ವಿದ್ಯುತ್ತೇ ದೊಡ್ಡ ಅಡ್ಡಿ. ನೌಕೆಯ ಸ್ವಂತ ಕ್ಷೇತ್ರ ದೂರ ಹೋದಂತೆ ಬೇಗನೆ ಕ್ಷೀಣಿಸುತ್ತದೆ, ಬಾಹ್ಯಾಕಾಶದ ಕ್ಷೇತ್ರ ಮೂರು ಮೀಟರಿನಲ್ಲಿ ಬದಲಾಗುವುದಿಲ್ಲ. ಆದ್ದರಿಂದ ಎರಡು ಸಂವೇದಕಗಳ ಅಳತೆಯ ವ್ಯತ್ಯಾಸದಿಂದ ನೌಕೆಯ ಪಾಲನ್ನು ಲೆಕ್ಕಹಾಕಿ ಕಳೆಯಬಹುದು. ಡಂಗಿಯ ಸಿದ್ಧಾಂತ ಕೇಳುವ ಮೂಲಪ್ರಶ್ನೆಗೆ, ಅಂದರೆ ಕ್ಷೇತ್ರ ಉತ್ತರಕ್ಕೋ ದಕ್ಷಿಣಕ್ಕೋ ಎಂಬುದಕ್ಕೆ, ನಂಬಬಹುದಾದ ಉತ್ತರ ಬರುವುದು ಹೀಗೆ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು: ಮರುಜೋಡಣೆಯ ನಿಜವಾದ ತಾಣ ಗಡಿಯಲ್ಲಿ ಕೆಲವೇ ಕಿಲೋಮೀಟರ್ ಅಗಲದ ಪ್ರದೇಶ, ಅದನ್ನು 2015ರ ಅಕ್ಟೋಬರ್ 16ರಂದು ಹಾದುಹೋಗಿ ಎಲೆಕ್ಟ್ರಾನುಗಳ ವರ್ತನೆಯನ್ನೇ ದಾಖಲಿಸಿದ್ದು ನಾಸಾದ ಎಂಎಂಎಸ್ ನೌಕೆಗಳು. ಒಂದು ಗಂಟೆಯಷ್ಟು ಮುಂಚೆ ಎಲ್1ರಲ್ಲಿ ಅಳೆದ ಕ್ಷೇತ್ರ ದಾರಿಯಲ್ಲಿ ಬದಲಾಗಬಹುದು. ಇದು ನಿಜ. ಎಲ್1ರಿಂದ ಆ ತಾಣವನ್ನು ನೋಡಲು ಆಗದು. ಆದರೆ ಎಂಎಂಎಸ್‌ ಅಳೆಯುವುದು ತಾನು ಹಾದುಹೋದ ಜಾಗವನ್ನು, ಆ ಕ್ಷಣಕ್ಕೆ. ಇಡೀ ಕಾಂತಗೋಳಕ್ಕೆ ಗಂಟೆಗಟ್ಟಲೆ ಒದಗಿದ ಪ್ರೇರಣೆಯನ್ನು ತಿಳಿಯಲು ಹೊರಗಿನ ಅಳತೆ ಬೇಕೇ ಬೇಕು. ಎರಡನೆಯದು: ಎಲ್1 ಬಳಿ ವಿಂಡ್, ಏಸ್ ನೌಕೆಗಳು ಹಿಂದಿನಿಂದಲೂ ಇವೆ, ಇನ್ನೊಂದೇಕೆ? ಉತ್ತರ 2024ರ ಮೇ ತಿಂಗಳ ಭೂಕಾಂತೀಯ ಮಹಾಬಿರುಗಾಳಿಯಲ್ಲಿದೆ. ಆದಿತ್ಯ ಮತ್ತು ಅಮೆರಿಕದ ಹಲವು ನೌಕೆಗಳ ದತ್ತಾಂಶವನ್ನು ಕೂಡಿಸಿದಾಗ, ಸೂರ್ಯನಿಂದ ಹೊಮ್ಮಿದ ಎರಡು ಪ್ಲಾಸ್ಮಾ ಮೋಡಗಳು ಒಂದಕ್ಕೊಂದು ಒತ್ತಿ, ಅವುಗಳ ಒಳಗೇ ಸುಮಾರು 13 ಲಕ್ಷ ಕಿ.ಮೀ. ವಿಸ್ತಾರದಲ್ಲಿ ಮರುಜೋಡಣೆ ನಡೆದದ್ದು ಬೆಳಕಿಗೆ ಬಂತು. ಒಂಟಿ ನೌಕೆಗೆ ಈ ವಿಸ್ತಾರ ದಕ್ಕುತ್ತಿರಲಿಲ್ಲ. ಗಡಿಗೆ ಬಂದು ತಾಕುವ ಕ್ಷೇತ್ರ ದಾರಿಯಲ್ಲೇ ಮರುಜೋಡಣೆಗೊಂಡಿರಬಹುದು ಎಂದಾದರೆ, ಮುಂಚೂಣಿಯ ಅಳತೆಗಳು ಹೆಚ್ಚಿದಷ್ಟೂ ಒಳ್ಳೆಯದು.

ಆಕ್ಸ್‌ಫರ್ಡ್ ಮತ್ತು ಹೈನ್ಸ್ ಪೂರ್ತಿ ತಪ್ಪಿದ್ದರೆಂದು ಇದರ ಅರ್ಥವಲ್ಲ. ಹೊರಗಿನ ಕ್ಷೇತ್ರ ಉತ್ತರಕ್ಕಿದ್ದಾಗಲೂ ಸ್ವಲ್ಪ ಶಕ್ತಿ ಒಳನುಸುಳುತ್ತದೆ. ಅದರಲ್ಲಿ ಗಡಿಯ ಮೇಲೇಳುವ ಅಲೆಗಳ ಪಾಲೂ ಇದೆ. ಮರುಜೋಡಣೆಯ ಪಾಲನ್ನೂ ಈ ಅಲೆಗಳ ಪಾಲನ್ನೂ ಬೇರ್ಪಡಿಸಿ ತೂಗುವುದು ಇಂದಿಗೂ ಉಳಿದಿರುವ ಕೆಲಸ, ಮತ್ತು ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಊರಲ್ಲೇ ಇದೆ. ಕೆಂಗೇರಿಯಾಚೆಯ ಬ್ಯಾಲಾಳುವಿನಲ್ಲಿ ಇಸ್ರೊದ ದೊಡ್ಡ ಆಂಟೆನಾಗಳೂ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವೂ ಇವೆ. ಆದಿತ್ಯದ ಮೊದಲ ದತ್ತಾಂಶ 2025ರ ಜನವರಿಯಿಂದ ಸಾರ್ವಜನಿಕರಿಗೆ ಮುಕ್ತವಾಗಿದೆ. ಪೀಣ್ಯಕ್ಕೂ ಬ್ಯಾಲಾಳುವಿಗೂ ನಡುವಿನ ಈ ಪಶ್ಚಿಮ ಬೆಂಗಳೂರಿನ ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ಆದಿತ್ಯದ ಅಳತೆಗಳನ್ನು ಎಂಎಂಎಸ್‌ನ ಮುಕ್ತ ದತ್ತಾಂಶದ ಜೊತೆಗಿಟ್ಟು ವಿದ್ಯಾರ್ಥಿಗಳಿಂದ ಓದಿಸಬೇಕು. ಆಗ ಪೀಣ್ಯದ ಕಾಂತಮಾಪಕಕ್ಕೆ ಈ ಚರಿತ್ರೆಯಲ್ಲಿ ಸಲ್ಲಬೇಕಾದ ಜಾಗ ಸಂಶೋಧನೆಯ ಬಲದಿಂದಲೇ ಸಲ್ಲುತ್ತದೆ.