ಇಲಿ ಕಲಿಸಿದ ಸಿಡುಬಿನ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರರಿಗೆ ಇಲಿ ಹಳೆಯ ಶತ್ರು. ಮರವೇರಿ ಎಳನೀರು ಕೊರೆಯುವ ಇಲಿಯನ್ನು ತಡೆಯಲು ಕಾಂಡಕ್ಕೆ ತಗಡು ಸುತ್ತಬಹುದು. ಅದರ ಸಂತತಿಯನ್ನೇ ಅಳಿಸುವುದು ಯಾರಿಂದಲೂ ಆಗದು. ಆದರೆ ಹಿರಿಯರು 'ಅಮ್ಮ' ಎಂದು ಕರೆದು, ಬೇವಿನ ಸೊಪ್ಪು ಕಟ್ಟಿ ಅಂಜುತ್ತಿದ್ದ ಸಿಡುಬು ಜಗತ್ತಿನಿಂದಲೇ ಅಳಿಯಿತು. ಅದೇಕೆ ಸಾಧ್ಯವಾಯಿತು ಎಂಬುದನ್ನು ತಿಳಿಯಲು ಇಲಿಗಳ ಕಡೆಗೇ ನೋಡಬೇಕು.

ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಲಸಿಕೆ 1802ರಲ್ಲಿ ಮುಂಬಯಿ ತಲುಪಿತು. 1805ರ ಸುಮಾರಿಗೆ ಥಾಮಸ್ ಹಿಕಿ ರಚಿಸಿದ, ಮೈಸೂರು ಅರಮನೆಯ ಸ್ತ್ರೀಯರ ಚಿತ್ರವೊಂದು ಲಸಿಕೆಯ ಪ್ರಚಾರಕ್ಕೆಂದೇ ಆದದ್ದು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಲಸಿಕೆಯೇನೋ ಬಂದಿತು. ಆದರೆ ಸೋಂಕು ತಗುಲಿದವನು ಸುಮಾರು 12 ದಿನ ಆರೋಗ್ಯವಾಗಿಯೇ ಇದ್ದು, ಆಮೇಲೆ ಜ್ವರದಿಂದ ಮಲಗಿ ಮೈತುಂಬ ಗುಳ್ಳೆ ಏಳುವುದೇಕೆ ಎಂಬುದು ಬಹುಕಾಲ ಒಗಟಾಗಿತ್ತು.

1930ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಪುಟ್ಟ ಇಲಿಗಳಲ್ಲಿ ಹೊಸ ರೋಗ ಕಾಣಿಸಿತು. ಪಾದಗಳು ಊದಿ, ಕೊಳೆತು ಉದುರುತ್ತಿದ್ದವು. ಅದು ಸಿಡುಬಿನ ಕುಲಕ್ಕೇ ಸೇರಿದ 'ಇಲಿ ಸಿಡುಬು' ಎಂಬುದು ಮುಂದೆ ತಿಳಿಯಿತು. 1940ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಫ್ರಾಂಕ್ ಫೆನ್ನರ್ ಈ ವೈರಸ್ಸಿನ ಜಾಡನ್ನು ದಿನದಿನವೂ ಹಿಂಬಾಲಿಸಿದರು. ಚರ್ಮದ ಸಣ್ಣ ಗಾಯದಿಂದ ಒಳಹೊಕ್ಕ ವೈರಸ್ಸು ಮೊದಲು ಹತ್ತಿರದ ದುಗ್ಧಗ್ರಂಥಿಗೆ, ಅಲ್ಲಿಂದ ರಕ್ತದ ಮೂಲಕ ಯಕೃತ್ತು, ಗುಲ್ಮಗಳಿಗೆ ಹೋಗುತ್ತದೆ. ಅಲ್ಲಿ ಬೆಳೆದು ಮತ್ತೆ ರಕ್ತಕ್ಕಿಳಿದು ಚರ್ಮಕ್ಕೆ ಬರುತ್ತದೆ. ಆಗ ಗುಳ್ಳೆಗಳೇಳುತ್ತವೆ. ಹುಣ್ಣಿನ ರಸ, ಹಕ್ಕಳೆ, ಮಲಿನಗೊಂಡ ಗೂಡುಗಳಿಂದ ರೋಗ ಇತರ ಇಲಿಗಳಿಗೆ ಹರಡುತ್ತದೆ. ಮನುಷ್ಯರ ಸಿಡುಬಿನ ಮೌನದ ದಿನಗಳನ್ನು ಅರಿಯಲು ಇದೇ ಮಾದರಿಯಾಯಿತು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಸಿಡುಬಿನ ವೈರಸ್ಸಿಗೆ ಮನುಷ್ಯನಲ್ಲದೆ ಬೇರೆ ಆಸರೆ ಇರಲಿಲ್ಲ. ರೋಗಿಯನ್ನು ಹುಡುಕಿ, ಸುತ್ತಲಿನವರಿಗೆ ಲಸಿಕೆ ಹಾಕಿದರೆ ಅದರ ದಾರಿ ಮುಚ್ಚುತ್ತಿತ್ತು. ಭಾರತದ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರ ಮೇ ತಿಂಗಳಲ್ಲಿ ಸಿಡುಬು ನಿರ್ಮೂಲನವನ್ನು ವಿಶ್ವ ಆರೋಗ್ಯ ಸಭೆಯ ಮುಂದೆ ಸಾರಿದವರು ಅದೇ ಫೆನ್ನರ್.

ಅದರ ದಾಯಾದಿಗಳ ಕಥೆ ಬೇರೆ. ಹೆಸರು 'ಗೋಸಿಡುಬು' ಎಂದಿದ್ದರೂ ಅದರ ನಿಜವಾದ ನೆಲೆ ಯುರೋಪಿನ ಹೊಲ, ಕಾಡುಗಳ ಇಲಿಗಳು. ಹಸುವಿಗೆ ಅದು ತಗುಲುವುದು ಅಪರೂಪ. ಎಂಪಾಕ್ಸ್ ಕೂಡ ಆಫ್ರಿಕಾದ ಅಳಿಲು, ಇಲಿಗಳಂಥ ದಂಶಕಗಳಲ್ಲಿ ಉಳಿದುಕೊಂಡಿದೆ ಎಂಬುದು ವಿಜ್ಞಾನಿಗಳ ನಂಬಿಕೆ. 2003ರಲ್ಲಿ ಘಾನಾದಿಂದ ತರಿಸಿದ ಇಲಿಜಾತಿಯ ಪ್ರಾಣಿಗಳ ಜೊತೆ ಅದು ಅಮೆರಿಕಕ್ಕೂ ಹೋಯಿತು. ಸಿಡುಬಿನ ಲಸಿಕೆ ಈ ರೋಗಗಳಿಂದಲೂ ಸಾಕಷ್ಟು ರಕ್ಷಣೆ ಕೊಡುತ್ತಿತ್ತು. ಇಂದು ಆ ಲಸಿಕೆಯ ಕಲೆ ಉಳಿದಿರುವುದು ಹಿರಿಯರ ತೋಳುಗಳಲ್ಲಷ್ಟೇ.