ವಿಲೋಮವಿಲ್ಲದ ಮಾತೃಕೆ

ಅಂಕಿಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿಟ್ಟ ಚೌಕಟ್ಟಿಗೆ ಗಣಿತದಲ್ಲಿ ಮಾತೃಕೆ ಎನ್ನುತ್ತಾರೆ. ಇಂಜಿನಿಯರಿಂಗ್ ಓದುವ ಮಕ್ಕಳು ಮನೆಯಲ್ಲಿದ್ದರೆ ಈ ಹೆಸರು ನಿಮ್ಮ ಕಿವಿಗೂ ಬಿದ್ದಿರಬೇಕು. ಕರ್ಣ ಮಾತೃಕೆ, ತತ್ಸಮ ಮಾತೃಕೆ, ಸಮಮಿತ ಮಾತೃಕೆ ಎಂದು ಅವುಗಳ ಜಾತಿಗಳನ್ನು ಅವರು ಬಾಯಿಪಾಠ ಮಾಡುವುದುಂಟು. ಆ ಪಟ್ಟಿಯಲ್ಲಿ ಕೆಲಸಕ್ಕೆ ಬಾರದ್ದೆಂದು ಬಹುಕಾಲ ಬದಿಗಿರಿಸಿದ್ದ ಜಾತಿಯೊಂದಿದೆ; ಸಿಂಗ್ಯುಲರ್ ಮಾತೃಕೆ ಎಂದು ಅದರ ಹೆಸರು. ಅದಕ್ಕೆ ಬೆಲೆ ಬಂದ ಕಥೆಯಲ್ಲಿ ನಮ್ಮ ನಾಡಿನಲ್ಲಿ ಹುಟ್ಟಿದ ಒಬ್ಬರ ಪಾಲು ದೊಡ್ಡದು.

ಮಾತೃಕೆಗೆ ಇಂಗ್ಲೆಂಡಿನ ಸಿಲ್ವೆಸ್ಟರ್ ೧೮೫೦ರಲ್ಲಿ 'ಮ್ಯಾಟ್ರಿಕ್ಸ್' ಎಂದು ಹೆಸರಿಟ್ಟನು. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ಗರ್ಭವೆಂಬ ಅರ್ಥವುಂಟು. ನಮ್ಮ 'ಮಾತೃಕೆ'ಯಲ್ಲಿಯೂ ತಾಯಿ ಇದ್ದಾಳೆ. ಅವನ ಗೆಳೆಯ ಕೇಲಿ ೧೮೫೮ರಲ್ಲಿ ಮಾತೃಕೆಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಕ್ರಮಪಡಿಸಿದನು. ಐದರಿಂದ ಗುಣಿಸಿದ್ದನ್ನು ಐದನೆಯ ಒಂದರಿಂದ ಗುಣಿಸಿ ಹಿಂದಕ್ಕೆ ಪಡೆಯಬಹುದಷ್ಟೆ? ಹಾಗೆ ಒಂದು ಮಾತೃಕೆ ಮಾಡಿದ ಕೆಲಸವನ್ನು ಬಿಡಿಸುವ ಇನ್ನೊಂದು ಮಾತೃಕೆಗೆ ವಿಲೋಮ ಎಂದು ಹೆಸರು. ಕೆಲವು ಮಾತೃಕೆಗಳಿಗೆ ಅಂಥ ವಿಲೋಮವೇ ಇರುವುದಿಲ್ಲವೆಂದು ಕೇಲಿಯೇ ಹೇಳಿದ್ದನು. ಇವೇ ಸಿಂಗ್ಯುಲರ್ ಮಾತೃಕೆಗಳು.

ಇವು ಎಲ್ಲಿ ಎದುರಾಗುತ್ತವೆ ಎಂಬುದಕ್ಕೆ ನಮ್ಮ ಮಲೆನಾಡಿನ ಅಂಚಿನದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಶಿಕಾರಿಪುರ ತಾಲ್ಲೂಕಿನ ತೊಗರ್ಸಿ, ಶಿಕಾರಿಪುರ, ಸೊರಬ, ಈ ಮೂರು ಊರುಗಳ ನೆಲಮಟ್ಟವನ್ನು ಮೋಜಣಿದಾರನೊಬ್ಬ ಅಳೆಯುತ್ತಾನೆಂದು ಭಾವಿಸಿರಿ. ಅಂಕಿಗಳು ನಿಜವಾದವಲ್ಲ, ಲೆಕ್ಕ ಸುಲಭವಾಗಲೆಂದು ನಾನು ಆರಿಸಿಕೊಂಡವು. ತೊಗರ್ಸಿಗಿಂತ ಶಿಕಾರಿಪುರ ೧೨ ಅಡಿ ಮೇಲೆ. ಶಿಕಾರಿಪುರಕ್ಕಿಂತ ಸೊರಬ ೫ ಅಡಿ ಕೆಳಗೆ. ಸೊರಬಕ್ಕಿಂತ ತೊಗರ್ಸಿ ೪ ಅಡಿ ಕೆಳಗೆ. ಹೊರಟಲ್ಲಿಗೇ ಮರಳಿ ಬಂದರೂ ೩ ಅಡಿ ಹೆಚ್ಚುಳಿಯಿತು. ಅಳತೆಯಲ್ಲಿ ಎಲ್ಲಿಯೋ ತಪ್ಪು ಸೇರಿದೆ. ತಪ್ಪುಗಳ ವರ್ಗಗಳ ಮೊತ್ತ ಆದಷ್ಟೂ ಕಡಮೆಯಾಗಲೆಂಬ ನಿಯಮದಂತೆ ಸಮೀಕರಣಗಳನ್ನು ಬರೆದರೆ ಈ ಮಾತೃಕೆ ದೊರೆಯುತ್ತದೆ:

೨  −೧  −೧
−೧  ೨  −೧
−೧  −೧  ೨

ನೋಡುವುದಕ್ಕೆ ಎಷ್ಟು ಅಂದವಾಗಿದೆ! ಕರ್ಣದ ಎರಡು ಬದಿಗಳೂ ಒಂದಕ್ಕೊಂದು ಕನ್ನಡಿಯಂತಿರುವುದರಿಂದ ಇದು ಸಮಮಿತ. ಆದರೆ ಮೂರು ಸಾಲುಗಳನ್ನು ಕೂಡಿದರೆ ಬರುವುದು ಬರಿಯ ಸೊನ್ನೆ; ಆದ್ದರಿಂದ ಇದಕ್ಕೆ ವಿಲೋಮವಿಲ್ಲ. ಕಾರಣ ಸರಳವಾಗಿದೆ. ಮೂರು ಊರುಗಳನ್ನೂ ನೂರು ಅಡಿ ಮೇಲೆತ್ತಿದರೂ ಅವುಗಳ ನಡುವಣ ವ್ಯತ್ಯಾಸ ಬದಲಾಗದು. ಹಾಗಿರುವಾಗ ವ್ಯತ್ಯಾಸವನ್ನಷ್ಟೇ ಅಳೆದವನಿಗೆ ಸಮುದ್ರಮಟ್ಟದಿಂದ ತೊಗರ್ಸಿ ಎಷ್ಟು ಎತ್ತರವೆಂದು ಹೇಗೆ ತಿಳಿದೀತು?

ಹಾಗಾದರೆ ಆ ಮೋಜಣಿದಾರನ ಶ್ರಮವೆಲ್ಲ ವ್ಯರ್ಥವೆ? ಅಲ್ಲ. ಈ ಉತ್ತರ ಗಟ್ಟಿಯಾಗುವುದಕ್ಕೆ ಮಾತ್ರ ಸುಮಾರು ನೂರು ವರ್ಷ ಹಿಡಿಯಿತು. ಅಮೆರಿಕದ ಮೂರ್ ೧೯೨೦ರಲ್ಲಿ ಎಲ್ಲ ಮಾತೃಕೆಗಳಿಗೂ ಒಂದು ಬಗೆಯ ವಿಲೋಮವನ್ನು ಕಲ್ಪಿಸಿದನು. ಅದನ್ನು ಗಮನಿಸಿದವರು ಕೆಲವರೇ. ೧೯೫೧ರಲ್ಲಿ ಸ್ವೀಡನ್ನಿನ ಭೂಮಾಪಕ ಬ್ಯರ್‌ಹಮ್ಮರ್, ೧೯೫೫ರಲ್ಲಿ ಇಂಗ್ಲೆಂಡಿನ ಪೆನ್‌ರೋಸ್ ಬೇರೆ ಬೇರೆ ದಾರಿಗಳಿಂದ ಅಲ್ಲಿಗೇ ಬಂದರು.

ಮೂರನ ಬರಹ ಅಚ್ಚಾದ ಆ ೧೯೨೦ರ ಸೆಪ್ಟೆಂಬರ್ ೧೦ರಂದೇ ಹೂವಿನಹಡಗಲಿಯ ಒಂದು ತೆಲುಗು ಮನೆಯಲ್ಲಿ ಸಿ. ಆರ್. ರಾವ್ ಹುಟ್ಟಿದರು. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿ, ೧೯೪೧ರಲ್ಲಿ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು ಸೇರಿದರು. ೧೯೫೪ರಲ್ಲಿ ಅವರ ಕೈಗೆ ಜಪಾನಿನಿಂದ ಕೆಲವು ಅಂಕಿಅಂಶಗಳು ಬಂದವು. ಹಿರೋಷಿಮಾ, ನಾಗಸಾಕಿಗಳಲ್ಲಿ ಅಣುಬಾಂಬಿಗೆ ಸಿಕ್ಕವರ ದೇಹದ ಮೇಲೆ ವಿಕಿರಣ ದೀರ್ಘಕಾಲದಲ್ಲಿ ಏನು ಮಾಡಿದೆ ಎಂಬುದು ಪ್ರಶ್ನೆ. ಲೆಕ್ಕಕ್ಕೆ ಕುಳಿತರೆ ಎದುರಾದದ್ದು ಸಿಂಗ್ಯುಲರ್ ಮಾತೃಕೆ! ವಿಲೋಮವಿಲ್ಲವೆಂದು ಕೈಚೆಲ್ಲುವಂತಿರಲಿಲ್ಲ, ಅಂಕಿಗಳ ಹಿಂದೆ ನೊಂದ ಜನರಿದ್ದರು. ರಾವ್ ವಿಲೋಮದ ಸ್ಥಾನದಲ್ಲಿ ನಿಲ್ಲಬಲ್ಲ ಬೇರೊಂದು ಮಾತೃಕೆಯನ್ನು ಕಟ್ಟಿಕೊಂಡರು. ಗುಂಪುಗುಂಪಿಗೆ ಸಂಖ್ಯೆ ಸಮನಿಲ್ಲದ ಇಂಥ ಅಂಕಿಅಂಶಗಳ ವಿಶ್ಲೇಷಣೆಯನ್ನು ೧೯೫೫ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ೧೯೬೨ರಲ್ಲಿ ಈ ವಿಚಾರವನ್ನು ಮತ್ತೂ ಸರಳಗೊಳಿಸಿದರು. ಸುಜಿತ್ ಕುಮಾರ್ ಮಿತ್ರ ಅವರೊಡನೆ ಬರೆದ ಗ್ರಂಥ ೧೯೭೧ರಲ್ಲಿ ಹೊರಬಂದಿತು. 'ಜನರಲೈಸ್ಡ್ ಇನ್‌ವರ್ಸ್', ಅಂದರೆ ಸಾಮಾನ್ಯೀಕೃತ ವಿಲೋಮ, ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು.

ಮೂರ್ ಮತ್ತು ಪೆನ್‌ರೋಸರ ವಿಲೋಮ ಪ್ರತಿಯೊಂದು ಮಾತೃಕೆಗೂ ಒಂದೇ ಒಂದು. ರಾವ್ ಅಷ್ಟು ಕಟ್ಟುನಿಟ್ಟು ಬೇಡವೆಂದರು. ಮೊದಲಿನ ಮಾತೃಕೆ, ಬದಲಿ ಮಾತೃಕೆ, ಮತ್ತೆ ಮೊದಲಿನದು, ಹೀಗೆ ಮೂರನ್ನೂ ಗುಣಿಸಿದಾಗ ಮೊದಲಿನದೇ ಮರಳಿ ಬಂದರೆ ಸಾಕು. ಅಂಥ ಬದಲಿಗಳು ಹಲವು ಇರಬಹುದು. ಹಲವಿದ್ದರೆ ಉತ್ತರವೂ ಹಲವಾಗದೆ ಎಂದು ನೀವು ಕೇಳಬಹುದು. ತೊಗರ್ಸಿಯ ಲೆಕ್ಕಕ್ಕೇ ಹಿಂದಿರುಗೋಣ. ಒಂದು ಬದಲಿ ತೊಗರ್ಸಿಯನ್ನು ಸೊನ್ನೆಯೆಂದಿಟ್ಟು ಶಿಕಾರಿಪುರಕ್ಕೆ ೧೧, ಸೊರಬಕ್ಕೆ ೫ ಅಡಿ ಎನ್ನುತ್ತದೆ. ಇನ್ನೊಂದು ಬದಲಿ ಮೂರೂರುಗಳ ಸರಾಸರಿಯನ್ನು ಸೊನ್ನೆ ಮಾಡಿ ಬೇರೆಯೇ ಅಂಕಿಗಳನ್ನು ಕೊಡುತ್ತದೆ. ಆದರೆ ಶಿಕಾರಿಪುರ ತೊಗರ್ಸಿಗಿಂತ ೧೧ ಅಡಿ ಮೇಲೆ ಎಂಬ ಮಾತಿನಲ್ಲಿ ಎರಡೂ ಒಪ್ಪುತ್ತವೆ. ಹೆಚ್ಚುಳಿದ ೩ ಅಡಿಯೂ ಒಂದೊಂದು ಅಳತೆಗೆ ಒಂದೊಂದು ಅಡಿಯಂತೆ ಹಂಚಿಹೋಗಿರುತ್ತದೆ.

ಈ ಕಥೆಯ ಸಾರವೇ ಇದು. ಯಾವ ಬದಲಿಯನ್ನು ಹಿಡಿದರೂ ಬದಲಾಗದ ಉತ್ತರವನ್ನು ನಮ್ಮ ಅಳತೆ ನಿಜವಾಗಿ ಹೇಳಬಲ್ಲುದು. ಬದಲಿಯೊಡನೆ ಬದಲಾಗುವುದನ್ನು ಅದು ಹೇಳಲಾರದು. ಸಮುದ್ರಮಟ್ಟದಿಂದ ಎತ್ತರ ಬೇಕೆಂದರೆ ಹೊರಗಿನಿಂದ ಒಂದು ಗುರುತುಕಲ್ಲಿನ ಮಟ್ಟವನ್ನು ತರಲೇಬೇಕು. ಎಷ್ಟು ಗುಣಿಸಿದರೂ ಭಾಗಿಸಿದರೂ ಅದು ಲೆಕ್ಕದೊಳಗಿಂದ ಹುಟ್ಟಿ ಬಾರದು. ರೋಗಿಗಳ ಅಂಕಿಅಂಶವಿರಲಿ, ಬೆಳೆಯ ಅಂಕಿಅಂಶವಿರಲಿ, ಈ ಎರಡನ್ನೂ ಬೇರ್ಪಡಿಸದೆ ಕೊಟ್ಟ ತೀರ್ಪನ್ನು ನಂಬುವ ಹಾಗಿಲ್ಲ.

ರಾವ್ ಅವರಿಗೆ ೨೦೦೧ರಲ್ಲಿ ಪದ್ಮವಿಭೂಷಣ, ೨೦೨೩ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ದೊರೆತವು. ಅದೇ ೨೦೨೩ರ ಆಗಸ್ಟ್ ೨೨ರಂದು, ನೂರೆರಡನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಬೇಕಾದುದಕ್ಕಿಂತ ಹೆಚ್ಚು ಕೀಲುಗಳಿರುವ ಯಂತ್ರದ ತೋಳನ್ನು ನಡೆಸುವಲ್ಲಿ ಇಂದು ಇಂಥ ವಿಲೋಮಗಳೇ ನೆರವಾಗುತ್ತಿವೆ. ನಿಮ್ಮ ಮನೆಯ ವಿದ್ಯಾರ್ಥಿ ಸಿಂಗ್ಯುಲರ್ ಮಾತೃಕೆ ಬಂದಿತೆಂದು ಪುಸ್ತಕ ಮುಚ್ಚಹೊರಟರೆ, ಮೇಲಿನ ಮೂರು ಸಾಲುಗಳನ್ನು ಬರೆದು ಮುಂದಿಡಿರಿ. ಆ ಮಾತೃಕೆಯನ್ನೇ ಒಂಬತ್ತರಿಂದ ಭಾಗಿಸಿದರೆ ಅದರ ಬದಲಿ ವಿಲೋಮವೊಂದು ಸಿಗುತ್ತದೆ. ಗುಣಿಸಿ ಪರೀಕ್ಷಿಸುವುದಕ್ಕೆ ಅರ್ಧ ಗಂಟೆ ಸಾಕು.