ಕಾರಿನ ಬೆಲ್ಟ್ ‘ಕಿರ್’ ಅಂದರೆ ಸುಮ್ಮನಿರಬೇಡಿ: ಬದಲಿಸುವುದು, ಬಿಗಿ ಮಾಡುವುದು ಹೇಗೆ?

ಹಳ್ಳಿಖೇಡ (ಬಿ): ಮುಂಜಾನೆ ಗಾಡಿ ಚಾಲೂ ಮಾಡಿದ ಕೂಡಲೇ ಬಾನೆಟ್ ಒಳಗಿಂದ ‘ಕಿರ್’ ಅಂತ ಸದ್ದು ಬರುತ್ತದೆ, ಒಂದು ನಿಮಿಷದಲ್ಲಿ ನಿಲ್ಲುತ್ತದೆ. ‘ಥಂಡಿಗೆ ಹಂಗೇ ಆಗ್ತದ ಬಿಡು’ ಅಂತ ಬಹಳ ಮಂದಿ ಸುಮ್ಮನಾಗುತ್ತಾರೆ. ಆದರೆ ಅದು ಎಂಜಿನ್ ಬೆಲ್ಟ್ ಜಾರುತ್ತಿರುವ ಸೂಚನೆ ಇರಬಹುದು. ಅಂಗಡಿ ಮಾಲಿಗೆ ಹೈದರಾಬಾದಿಗೆ, ದವಾಖಾನೆಗೆ ಬೀದರಿಗೆ ಹೊರಟವರ ಗಾಡಿ ಹೆದ್ದಾರಿಯಲ್ಲಿ ನಿಲ್ಲಬಾರದು ಅಂದರೆ ಈ ಬೆಲ್ಟಿನ ಬಗ್ಗೆ ತಿಳಿದಿರುವುದು ಒಳ್ಳೆಯದು.

ಏನಿದು ಬೆಲ್ಟ್?

ನಮ್ಮ ಕಡೆ ಇದನ್ನು ‘ಫ್ಯಾನ್ ಬೆಲ್ಟ್’, ‘ಡೈನಮೋ ಬೆಲ್ಟ್’ ಅಂತಲೇ ಕರೆಯುತ್ತಾರೆ. ಹಳೆಯ ಗಾಡಿಗಳಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ವಿ ಆಕಾರದ ಬೆಲ್ಟ್ ಇರುತ್ತಿತ್ತು. ಈಗಿನ ಬಹಳಷ್ಟು ಕಾರುಗಳಲ್ಲಿ ಒಂದೇ ಉದ್ದನೆ ಬೆಲ್ಟ್ ಹಾವಿನಂತೆ ಸುತ್ತಿಕೊಂಡು ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಕೆಲವು ಗಾಡಿಗಳಲ್ಲಿ ಪವರ್ ಸ್ಟೀರಿಂಗ್ ಪಂಪ್ ಮತ್ತು ವಾಟರ್ ಪಂಪ್ ಎಲ್ಲವನ್ನೂ ತಿರುಗಿಸುತ್ತದೆ. ಅದಕ್ಕೇ ಸರ್ಪೆಂಟೈನ್ ಬೆಲ್ಟ್ ಅನ್ನುವ ಹೆಸರು. ಟೈಮಿಂಗ್ ಬೆಲ್ಟ್ ಬೇರೆ. ಅದು ಕವರ್ ಒಳಗಿರುತ್ತದೆ, ಅದಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ?

* ಚಾಲೂ ಮಾಡಿದಾಗ, ಎಸಿ ಹಾಕಿದಾಗ ಕಿರುಗುಟ್ಟುವ ಸದ್ದು
* ಓಡುವಾಗ ಮೀಟರ್‌ನಲ್ಲಿ ಬ್ಯಾಟರಿ ದೀಪ ಹತ್ತುವುದು
* ಸ್ಟೀರಿಂಗ್ ಒಮ್ಮೆಲೇ ಭಾರವಾಗುವುದು
* ಬೆಲ್ಟಿನ ಗೆರೆಗಳಲ್ಲಿ ಬಿರುಕು, ಅಂಚಿನಲ್ಲಿ ದಾರ ಬಿಚ್ಚುವುದು, ಮೇಲ್ಮೈ ಕನ್ನಡಿಯಂತೆ ಹೊಳೆಯುವುದು

ಈಗಿನ ಇಪಿಡಿಎಂ ರಬ್ಬರ್ ಬೆಲ್ಟುಗಳು ಸುಲಭಕ್ಕೆ ಬಿರುಕು ಬಿಡುವುದಿಲ್ಲ, ಟೈರಿನಂತೆ ಸವೆಯುತ್ತವೆ. ಆದ್ದರಿಂದ ‘ಬಿರುಕಿಲ್ಲ, ಚಲೋ ಅದ’ ಅಂತ ನಂಬುವಂತಿಲ್ಲ. ಎಷ್ಟು ಕಿ.ಮೀ.ಗೆ ಬದಲಿಸಬೇಕು ಅನ್ನುವುದಕ್ಕೆ ಗಾಡಿಯ ಪುಸ್ತಕವೇ ಆಧಾರ. ಧೂಳು, ಬೇಸಿಗೆಯ ಸೆಕೆ ಎರಡೂ ಬೆಲ್ಟಿನ ಆಯುಷ್ಯ ತಗ್ಗಿಸುತ್ತವೆ. ಹೀಗಾಗಿ ಪ್ರತಿ ಸರ್ವಿಸಿಗೂ ನೋಡಿಸಿ.

ಬದಲಿಸುವ ಕ್ರಮ

1. ಎಂಜಿನ್ ಆರಿಸಿ, ಪೂರ್ತಿ ತಣ್ಣಗಾಗಲಿ. ಕೀ ತೆಗೆದಿಡಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ.

2. ಬೆಲ್ಟ್ ಸುತ್ತಿರುವ ದಾರಿಯನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಿ. ತುಂಬಾ ಮಂದಿ ಎಡವುವುದು ಇಲ್ಲೇ. ಕೆಲವು ಗಾಡಿಗಳಲ್ಲಿ ಮುಂದಿನ ಗಾಲಿ ಬಿಚ್ಚಿದರಷ್ಟೇ ಬೆಲ್ಟ್ ಕೈಗೆ ಸಿಗುತ್ತದೆ. ಆಗ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ.

3. ಸ್ಪ್ರಿಂಗ್ ಟೆನ್ಷನರ್ ಇದ್ದರೆ ಪಾನಾ ಹಾಕಿ ತಿರುಗಿಸಿ ಸಡಿಲ ಮಾಡಿ, ಬೆಲ್ಟ್ ಜಾರಿಸಿ ತೆಗೆಯಿರಿ. ಸ್ಪ್ರಿಂಗಿಗೆ ಬಲ ಜಾಸ್ತಿ, ಬೆರಳು ನಡುವೆ ಇಡಬೇಡಿ.

4. ಬೆಲ್ಟ್ ತೆಗೆದಾಗ ಟೆನ್ಷನರ್, ಐಡ್ಲರ್ ಪುಲ್ಲಿಗಳನ್ನು ಕೈಯಿಂದ ತಿರುಗಿಸಿ ನೋಡಿ. ಗರಗರ ಅಂದರೆ, ಅಲುಗಾಡಿದರೆ ಬೇರಿಂಗ್ ಹೋಗಿದೆ. ಅದನ್ನು ಬಿಟ್ಟು ಬೆಲ್ಟ್ ಒಂದೇ ಬದಲಿಸಿದರೆ ಹೊಸದೂ ಹಾಳಾಗುತ್ತದೆ. ಆಯಿಲ್, ಕೂಲೆಂಟ್ ಸೋರಿಕೆಯನ್ನೂ ಮೊದಲು ನಿಲ್ಲಿಸಿ.

5. ಹೊಸ ಬೆಲ್ಟಿನ ನಂಬರ್ ತಾಳೆ ಮಾಡಿ. ಉದಾಹರಣೆಗೆ 6ಪಿಕೆ1200 ಅಂದರೆ 6 ಗೆರೆ, 1200 ಮಿ.ಮೀ. ಉದ್ದ. ‘ಹತ್ತಿರದ ಸೈಜ್ ನಡೀತದ’ ಅಂದರೆ ಒಪ್ಪಬೇಡಿ.

6. ಗೆರೆಯಿರುವ ಪುಲ್ಲಿಗೆ ಬೆಲ್ಟಿನ ಗೆರೆಯ ಬದಿ, ನುಣುಪು ಪುಲ್ಲಿಗೆ ಬೆನ್ನಿನ ಬದಿ ಬರಬೇಕು. ಒಂದು ಗೆರೆ ಪಕ್ಕಕ್ಕೆ ಕೂತರೂ ಬೆಲ್ಟ್ ಹರಿಯುತ್ತದೆ. ಟೆನ್ಷನರ್ ನಿಧಾನಕ್ಕೆ ಬಿಡಿ.

ಎಷ್ಟು ಬಿಗಿ?

ಸ್ಪ್ರಿಂಗ್ ಟೆನ್ಷನರ್ ತಾನೇ ಬಿಗಿ ಹಿಡಿಯುತ್ತದೆ, ನಾವು ಮಾಡುವುದು ಏನೂ ಇಲ್ಲ. ಆದರೂ ಸಡಿಲ ಅನಿಸಿದರೆ ಟೆನ್ಷನರ್ ಸೋತಿದೆ ಎಂದರ್ಥ. ಬೋಲ್ಟಿನಿಂದ ಬಿಗಿ ಮಾಡುವ ಗಾಡಿಯಲ್ಲಿ ಪುಸ್ತಕದಲ್ಲಿರುವ ಅಳತೆಗೆ ಹೋಗಿ. ಅಂದಾಜಿಗೆ, ಎರಡು ಪುಲ್ಲಿ ನಡುವಿನ ಉದ್ದನೆ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದರೆ ಕಾಲು ಸುತ್ತಿನಷ್ಟು ತಿರುಗಬೇಕು. ಅದಕ್ಕಿಂತ ಬಿಗಿಯಾದರೆ ಆಲ್ಟರ್ನೇಟರ್, ವಾಟರ್ ಪಂಪ್ ಬೇರಿಂಗ್ ತಿನ್ನುತ್ತದೆ, ಸಡಿಲಾದರೆ ಜಾರುತ್ತದೆ. ಸ್ವಲ್ಪ ದಿನ ಓಡಿಸಿದ ಮೇಲೆ ಇಂಥ ಬೆಲ್ಟ್ ಮತ್ತೊಮ್ಮೆ ನೋಡಿ. ಟೆನ್ಷನರ್ ಇಲ್ಲದ, ಎಳೆದು ಕೂರಿಸುವ ‘ಸ್ಟ್ರೆಚ್ ಬೆಲ್ಟ್’ಗೆ ಬೇರೆಯೇ ಟೂಲ್ ಬೇಕು, ಮಿಸ್ತ್ರಿಗೇ ಬಿಡಿ.

ಸದ್ದು ನಿಲ್ಲಲೆಂದು ಸಾಬೂನು, ಗ್ರೀಸ್, ಎಣ್ಣೆ ಹಚ್ಚಬೇಡಿ. ಎರಡು ದಿನ ಸುಮ್ಮನಿದ್ದು ಮತ್ತೆ ಜಾರುತ್ತದೆ.

ದಾರಿಯಲ್ಲೇ ಹರಿದರೆ?

ಬ್ಯಾಟರಿ ದೀಪ ಹತ್ತಿ, ಸ್ಟೀರಿಂಗ್ ಭಾರವಾದರೆ ಗಾಬರಿ ಬೇಡ. ಬ್ರೇಕ್ ಕೆಲಸ ಮಾಡುತ್ತದೆ. ಇಂಡಿಕೇಟರ್ ಹಾಕಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ. ‘ಹುಮನಾಬಾದ್ ಇಲ್ಲೇ ಅದ, ಹೆಂಗರೆ ಮುಟ್ತೀವಿ’ ಅಂತ ಓಡಿಸಬೇಡಿ. ವಾಟರ್ ಪಂಪ್ ಇದೇ ಬೆಲ್ಟಿನ ಮೇಲಿದ್ದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಕಾದ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಗಾಡಿ ಎಳೆಸಿಕೊಂಡು ಹೋಗುವ ಖರ್ಚು ಎಂಜಿನ್ ಬಿಚ್ಚುವ ಖರ್ಚಿಗಿಂತ ಯಾವಾಗಲೂ ಕಮ್ಮಿ.

ದೂರದ ಊರಿಗೆ ಓಡಾಡುವವರು ಸರಿಯಾದ ನಂಬರಿನ ಒಂದು ಬೆಲ್ಟ್ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ರಾತ್ರಿ ಹೊತ್ತು ಮಿಸ್ತ್ರಿ ಸಿಕ್ಕರೂ ಸಾಮಾನು ಸಿಗುವುದು ಕಷ್ಟ.